ಎರಡು ಒಲೆಯ ವರ್ಷ

ಕಳೆದ ತಿಂಗಳು ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಹುಬ್ಬಳ್ಳಿಯ ವಿದ್ಯಾನಗರದ ಓಣಿಯೊಂದರಲ್ಲಿ ನಡೆದು ಬರುತ್ತಿದ್ದಾಗ ಯಾರದೋ ಅಡುಗೆಮನೆಯಿಂದ ಅಗಸಿ ಹುರಿಯುವ ವಾಸನೆ ಬಂತು. ಕಾಲು ತಾನಾಗಿಯೇ ನಿಂತಿತು. ನನ್ನ ಅತ್ತೆ ಶಾಂತವ್ವ ಹದಿನೈದು ದಿನಕ್ಕೊಮ್ಮೆ ಅಗಸಿ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದರು. ಆ ಹಿಂಡಿ, ಬಿಸಿ ರೊಟ್ಟಿ, ಪಕ್ಕಕ್ಕೆ ಒಂದು ಸೌಟು ಗಟ್ಟಿ ಮೊಸರು. ಹದಿನಾರು ವರ್ಷ ಉಂಡ ರುಚಿ ಅದು. ಕೊನೆಯ ವರ್ಷ ಮಾತ್ರ ಆ ವಾಸನೆ ಗೋಡೆಯ ಆಚೆಯಿಂದ ಬರುತ್ತಿತ್ತು, ನನ್ನ ತಟ್ಟೆಗೆ ಬರುತ್ತಿರಲಿಲ್ಲ.

ಆ ವರ್ಷ ಶುರುವಾದದ್ದು ಶ್ರಾವಣದಲ್ಲಿ. ಧಾರವಾಡದ ಕಡೆಯ ಜಿಟಿಜಿಟಿ ಮಳೆ ಹುಬ್ಬಳ್ಳಿಯ ಮೇಲೂ ಬಂದು ನಿಂತಿತ್ತು. ಒಗೆದ ಬಟ್ಟೆ ಮೂರು ದಿನವಾದರೂ ಒಣಗಿರಲಿಲ್ಲ. ನನ್ನ ಗಂಡ ಮಹಾಂತೇಶ ಹತ್ತಿ ದಲಾಲಿ ಅಂಗಡಿಯವರು. ಅಂದು ಮಧ್ಯಾಹ್ನ ಊಟಕ್ಕೆ ಬಂದವರು ಕೈಕಾಲು ತೊಳೆಯದೆ ಕುರ್ಚಿಯ ಮೇಲೆ ಕೂತರು.

"ಸುನಂದಾ, ನಾ ಇನ್ನ ಇಲ್ಲೆ ಇರೂದಿಲ್ಲ. ದೇಶಪಾಂಡೆ ನಗರದಾಗ ಒಂದ ಫ್ಲ್ಯಾಟ್ ನೋಡೇನಿ," ಅಂದರು.

"ಯಾಕ್ರಿ? ಏನಾತು?"

"ಏನೂ ಆಗಿಲ್ಲ. ನನಗ ಸಾಕಾಗೈತಿ, ಅಷ್ಟ."

ಬೇರೆ ಯಾರೋ ಇದ್ದಾರೆ ಅಂದುಕೊಂಡೆ. ನಾಚಿಕೆ ಬಿಟ್ಟು ಹುಡುಕಿದೆ, ಕೇಳಿದೆ, ಅವರ ಫೋನನ್ನೂ ನೋಡಿದೆ. ಯಾರೂ ಇರಲಿಲ್ಲ. ಇದ್ದಿದ್ದರೆ ಸಿಟ್ಟಾಗಲು ಒಬ್ಬರಾದರೂ ಸಿಗುತ್ತಿದ್ದರು. ಅವರಿಗೆ ಸಾಕಾಗಿತ್ತು, ನನ್ನಿಂದ. ಎರಡು ಸೂಟ್‌ಕೇಸು, ಅಂಗಡಿಯ ಕಾಗದಪತ್ರ, ಇಸ್ತ್ರಿ ಮಾಡಿಟ್ಟ ಅಂಗಿಗಳನ್ನು ತೆಗೆದುಕೊಂಡು ಮುಂದಿನ ಸೋಮವಾರ ಹೋದರು. ಅಂಗಿಗಳನ್ನು ಇಸ್ತ್ರಿ ಮಾಡಿದವಳು ನಾನೇ.

ದಸರೆಗೆ ಮೊದಲು ಕೋರ್ಟಿನ ನೋಟಿಸು ಬಂತು. ವಿಚ್ಛೇದನ ಬೇಕು ಎಂದು ಬರೆದಿತ್ತು. ಮನೆ ತನ್ನ ತಾಯಿಯ ಹೆಸರಿನಲ್ಲಿರುವುದರಿಂದ ಹೆಂಡತಿಗೆ ಅಲ್ಲಿರಲು ಹಕ್ಕಿಲ್ಲ ಎಂದೂ ಬರೆದಿತ್ತು. ಮನೆ ಅತ್ತೆಯ ಹೆಸರಿನಲ್ಲಿದ್ದದ್ದು ನಿಜ. ಅವರು ಧಾರವಾಡದ ಹತ್ತಿರದ ಗರಗದವರು. ಹುಡುಗಿಯಾಗಿದ್ದಾಗ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದರಂತೆ. ಕೈ ಖಾಲಿ ಇದ್ದಾಗಲೂ ಹೆಬ್ಬೆರಳು, ತೋರುಬೆರಳು ಇಲ್ಲದ ಎಳೆಯೊಂದನ್ನು ಹೊಸೆಯುತ್ತಲೇ ಇರುತ್ತಿದ್ದವು. ಮಾವ ಚಿಕ್ಕ ವಯಸ್ಸಿನಲ್ಲಿ ತೀರಿಹೋದಾಗ ಅತ್ತೆಯ ಮೈದುನರು ಅವರನ್ನೂ ಆರು ವರ್ಷದ ಮಹಾಂತೇಶರನ್ನೂ ಗರಗಕ್ಕೆ ಕಳಿಸಿಬಿಟ್ಟಿದ್ದರು. ಎಷ್ಟೋ ವರ್ಷ ಜಗಳಾಡಿದ ಮೇಲೆ ಪಾಲಿಗೆ ಬಂದದ್ದು ವಿದ್ಯಾನಗರದ ಈ ಮನೆ. ಮಗ ಫ್ಲ್ಯಾಟಿಗೆ ಹೋಗೋಣ ಅಂದಾಗ, "ನನ್ನ ಮನಿ ಬಿಟ್ಟ ನಾ ಎಲ್ಲಿಗೂ ಬರಾಕಿ ಅಲ್ಲ," ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ನನಗೆ ತವರು ಅನ್ನುವುದು ಉಳಿದಿರಲಿಲ್ಲ. ಮಗಳು ಸ್ನೇಹಾ ಎಸ್‌ಎಸ್‌ಎಲ್‌ಸಿಯಲ್ಲಿದ್ದಳು, ಸಾಲೆ ಮನೆಯಿಂದ ಹತ್ತು ನಿಮಿಷದ ದಾರಿ. ಪರಿಚಯದವರೊಬ್ಬರು ದೇಸಾಯಿ ಮೇಡಂ ಎಂಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದ ಹೆಂಗಸು, ಮಾತು ಮೆಲ್ಲಗೆ.

"ಕೇಸ್ ವರ್ಷಗಟ್ಟಲೆ ನಡೀತದ. ಅಲ್ಲೀತನಕಾ ನೀವು ಗಾಳಿ ತಿಂದು ಇರ್ಲಿಕ್ಕೆ ಬರೂದಿಲ್ಲ. ಮಧ್ಯಂತರ ಜೀವನಾಂಶ ಕೇಳೋಣು, ಆ ಮನ್ಯಾಗ ಇರ್ಲಿಕ್ಕೂ ಆದೇಶ ಕೇಳೋಣು. ಮನಿ ಅತ್ತಿ ಹೆಸರಿಲೆ ಇದ್ರೂ ನೀವು ಸಂಸಾರ ಮಾಡಿದ ಮನಿ ಅದು," ಅಂದರು.

"ಮಧ್ಯಂತರ ಅಂದ್ರ ಎಷ್ಟ ದಿನಾರಿ?"

"ಮುಗಿಯೂತನಕಾ," ಅಂದು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಯಾವುದು ಮುಗಿಯುವ ತನಕ ಎಂದು ನಾನು ಕೇಳಲಿಲ್ಲ.

ಮೊದಲ ವಾಯಿದೆಯಲ್ಲಿ ನ್ಯಾಯಾಧೀಶರು, ವಾದ ಕೇಳುವವರೆಗೆ ಯಾರೂ ಯಾರನ್ನೂ ಹೊರಗೆ ಹಾಕಬಾರದು ಅಂದರು. ಹಿಂದಿನ ಎರಡು ಖೋಲಿ ಮತ್ತು ಅಡುಗೆಮನೆ ನನಗೂ ಮಗಳಿಗೂ, ಮುಂದಿನ ಭಾಗ ಅತ್ತೆಗೆ. ಕಾಗದದ ಮೇಲೆ ಅದು ಸರಳವಾಗಿತ್ತು. ಆದರೆ ಅತ್ತೆಯ ದೇವರಮನೆ ಇದ್ದದ್ದು ಅಡುಗೆಮನೆಯ ಆಚೆ. ಲಿಂಗಪೂಜೆಯಿಲ್ಲದೆ ಅವರು ಒಂದು ಗುಟುಕು ನೀರನ್ನೂ ಕುಡಿಯುವವರಲ್ಲ. ಹೀಗಾಗಿ ದಿನಾ ಮುಂಜಾನೆ ಒದ್ದೆ ಕೂದಲಿಗೆ ಸೆರಗು ಹೊದ್ದು, ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದು, ನನ್ನದಾದ ಅಡುಗೆಮನೆಯನ್ನು ಹಾದು ಹೋಗುತ್ತಿದ್ದರು. ನಾನು ಒಲೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮತ್ತೆ ಹಾದು ಹೋಗುತ್ತಿದ್ದರು. ಎರಡು ಸಲವೂ ಮಾತಿಲ್ಲ.

ಮುಂದಿನ ಪಡಸಾಲೆಯ ಕಿಟಕಿಯ ಕೆಳಗೆ ಒಂದು ಸಣ್ಣ ಗ್ಯಾಸಿನ ಒಲೆ ಇಟ್ಟುಕೊಂಡು ತಮ್ಮದನ್ನು ತಾವೇ ಬೇಯಿಸಿಕೊಳ್ಳತೊಡಗಿದರು. ಎಪ್ಪತ್ತೆರಡು ವರ್ಷದ ಕೈಗೆ ರೊಟ್ಟಿ ಬಡಿಯುವ ಶಕ್ತಿ ಕಡಿಮೆಯಾಗಿತ್ತು. ಬಡಿಯುವ ಸದ್ದು ನಡುನಡುವೆ ನಿಂತು, ಮತ್ತೆ ಶುರುವಾಗುತ್ತಿತ್ತು. ನಾನು ಹೋಗಿ ಹಿಟ್ಟಿಗೆ ಕೈಹಾಕಬಹುದಿತ್ತು. ಹಾಕಲಿಲ್ಲ. ಅವರ ಮಗ ನನಗೆ ಮಾಡಿದ್ದನ್ನು ಅವರ ಲೆಕ್ಕಕ್ಕೇ ಬರೆದಿಟ್ಟಿದ್ದೆ. ಮಾತೇನಾದರೂ ಇದ್ದರೆ ಸ್ನೇಹಾಳ ಮೂಲಕ. "ಮಮ್ಮಿ, ಅಜ್ಜಿ ಹಾಲಿನಾಂವಗ ಏನ್ ಹೇಳಬೇಕಂತ ಕೇಳಾಕತ್ತಾಳ," ಎಂದು ಬಂದು ನಿಲ್ಲುತ್ತಿದ್ದಳು. ಒಂದು ದಿನ ಬೀಜಗಣಿತದ ಪುಸ್ತಕ ಎತ್ತಿ ನೆಲಕ್ಕೆ ಒಗೆದು, "ನಿಮ್ಮಿಬ್ಬರಿಗೂ ಬಾಯಿ ಇಲ್ಲೇನು?" ಎಂದು ಕೂಗಿದಳು.

ದೀಪಾವಳಿ ಮುಗಿದ ಮೇಲೆ ನನಗೆ ಹತ್ತಿರದ ಒಂದು ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿತು. ಮದುವೆಯಾದ ಮೇಲೆ ಮೊದಲ ಸಲ ಹೊರಗೆ ದುಡಿಯಲು ಹೋಗಿದ್ದೆ. ಸಂಬಳ ಸಣ್ಣದು. ಆದರೂ ಅದನ್ನು ಕೇಳಿದರೆ ಕೋರ್ಟಿನವರು ಜೀವನಾಂಶ ಬೇಡ ಅಂದುಬಿಡುತ್ತಾರೇನೋ ಎಂದು ಹೆದರಿ ದೇಸಾಯಿ ಮೇಡಂಗೂ ಎರಡು ವಾರ ಹೇಳಿರಲಿಲ್ಲ. ಗೊತ್ತಾದಾಗ ಅವರು ಸಿಟ್ಟಾಗಲಿಲ್ಲ. "ಮುಚ್ಚಿಡಬ್ಯಾಡ್ರಿ. ಅವ್ರು ಹೇಳೂಕಿಂತ ಮೊದಲು ನಾವೇ ಹೇಳೋಣು. ಖರೇ ಹೇಳಿದವ್ರಿಗೆ ಸ್ವಲ್ಪ ಕಡಿಮಿ ಸಿಕ್ಕೀತು, ಆದ್ರ ಸಿಕ್ಕಿದ್ದು ಉಳೀತದ," ಅಂದರು.

ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಅವರು ಆಫೀಸಿಗೆ ಕರೆಸಿ ನಾಲ್ಕು ಹಾಳೆಗಳನ್ನು ಕೈಗೆ ಕೊಟ್ಟರು. ಅತ್ತೆ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರ. ಸೊಸೆ ನನಗೆ ಊಟ ಹಾಕುವುದಿಲ್ಲ, ಅವಾಚ್ಯವಾಗಿ ಬೈಯುತ್ತಾಳೆ, ಎರಡು ಸಲ ಕೈಯೆತ್ತಿರುತ್ತಾಳೆ, ಆಕೆಯನ್ನು ಮನೆಯಿಂದ ಹೊರಗೆ ಹಾಕಿಸಿಕೊಡಬೇಕು. ಪ್ರತಿ ಹಾಳೆಯ ಕೆಳಗೆ ವಕ್ರವಕ್ರ ಅಕ್ಷರದ ಸಹಿ: ಶಾಂತವ್ವ. ಅವರಿಗೆ ತಮ್ಮ ಹೆಸರು ಬಿಟ್ಟರೆ ಬೇರೇನೂ ಬರೆಯಲು, ಓದಲು ಬರುತ್ತಿರಲಿಲ್ಲ.

ಮನೆಗೆ ಬಂದಾಗ ಅವರು ಪಡಸಾಲೆಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಎರಡು ತಿಂಗಳ ಮೇಲೆ ಮೊದಲ ಮಾತು ನನ್ನ ಬಾಯಿಂದಲೇ ಬಂತು.

"ಅತ್ತೀರಿ, ನಾ ಯಾವಾಗ ನಿಮ್ಮ ಮ್ಯಾಲೆ ಕೈ ಎತ್ತೇನ್ರಿ?"

ಅವರು ನನ್ನ ಮುಖ ನೋಡಿದರು. "ಏನಂದಿ?"

"ಕೋರ್ಟಿಗೆ ಬರದ ಕೊಟ್ಟೀರಲ್ರಿ. ನಿಮ್ಮ ಸಹಿ ಐತಿ."

"ಮನಿ ಕಾಗದ ಅಂತ ಹೇಳಿದ ಮಾಂತೇಶಿ. ಸಹಿ ಮಾಡು ಅಂದ, ಮಾಡೇನಿ."

"ಓದಿ ಹೇಳ್ಲಿಲ್ಲೇನ್ರಿ?"

"ಮಗಾ ಕೊಟ್ಟಿದ್ದನ್ನ ಓದಿಸಿ ಕೇಳತಾರೇನವಾ?" ಅಂದು, ಚಾಚಿದ ಕಾಲು ಮಡಚಿಕೊಂಡು, "ಓದು. ಈಗ ಓದು," ಅಂದರು.

ಅವರ ಎದುರಿಗೆ ನೆಲದ ಮೇಲೆ ಕೂತು ನಾಲ್ಕೂ ಹಾಳೆ ಓದಿದೆ. ನನ್ನ ಮೇಲಿನ ಒಂದೊಂದು ಮಾತನ್ನೂ ನನ್ನ ದನಿಯಲ್ಲೇ ಅವರಿಗೆ ಕೇಳಿಸಿದೆ. ಅವರ ಬೆರಳುಗಳು ಹೊಸೆಯುವುದನ್ನು ನಿಲ್ಲಿಸಿದ್ದವು. ಓದಿ ಮುಗಿದ ಮೇಲೆ, "ಕೈ ಎತ್ತಿದ್ದನ್ನ ಇನ್ನೊಮ್ಮೆ ಓದು," ಅಂದರು. ಓದಿದೆ.

"ಊಟದ್ದು ಖರೇ ಐತಿ," ಅಂದರು ಆಮೇಲೆ. "ನೀ ಹಾಕಿಲ್ಲ."

"ನೀವು ಕೇಳಿಲ್ರಿ."

"ಹೂಂ. ಕೇಳಿಲ್ಲ."

ಅಷ್ಟು ಹೇಳಿ ಗೋಡೆ ಹಿಡಿದು ಎದ್ದರು. ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ, "ನಾ ಹತ್ತ ಮಂದಿ ಎದುರಿಗೆ ನಿಂತು ನನ್ನ ಮಗಾ ಸುಳ್ಳಾ ಅಂತ ಹೇಳಾಕಿ ಅಲ್ಲ, ಸುನಂದಾ. ಅದನ್ನ ನನ್ನಿಂದ ಬಯಸಬ್ಯಾಡ," ಅಂದರು. ಆ ಸಂಜೆ ನಾನು ಮಾಡಿದ ಜೋಳದ ರೊಟ್ಟಿ, ಬದನೆಕಾಯಿ ಪಲ್ಯವನ್ನು ತಟ್ಟೆಯಲ್ಲಿಟ್ಟು ಪಡಸಾಲೆಗೆ ಒಯ್ದೆ. ತೆಗೆದುಕೊಂಡರು. ತಟ್ಟೆ ತೊಳೆದು ತಂದಿಟ್ಟರು. ಮರುದಿನದಿಂದ ಅಡುಗೆಮನೆಯಲ್ಲಿ ಹಾದು ಹೋಗುವಾಗ, "ಚಳಿ ಭಾಳ ಐತಿ," ಎಂದೋ, "ಹಾಲ ಉಕ್ಕತೈತಿ ನೋಡು," ಎಂದೋ ಒಂದು ಮಾತು ಬೀಳತೊಡಗಿತು. ನಾನು ಅಷ್ಟಕ್ಕೇ ಕಾಯುತ್ತಿದ್ದೆ ಎಂದು ಈಗ ಅನಿಸುತ್ತದೆ.

ಸಂಕ್ರಾಂತಿ ಕಳೆದ ಮೇಲೆ ವಾಯಿದೆ ಇತ್ತು. ನ್ಯಾಯಾಧೀಶರು ಅತ್ತೆಯನ್ನು ಖುದ್ದಾಗಿ ಕೇಳಬೇಕು ಅಂದಿದ್ದರು. ಮಹಾಂತೇಶ ಕಾರು ತಂದು ಗೇಟಿನ ಮುಂದೆ ನಿಂತರು. ಅತ್ತೆ ದೇವರಮನೆಯಲ್ಲಿದ್ದರು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಕರೆದರೆ ಉತ್ತರವಿಲ್ಲ. ಬಾಗಿಲು ಒಳಗಿನಿಂದ ಹಾಕಿತ್ತು. ಕೊನೆಗೆ ಒಳಗಿನಿಂದಲೇ, "ಪೂಜಿ ಮುಗಿದಿಲ್ಲ. ನೀ ಹೋಗು," ಅಂದರು. ಮಗ ಹೋದರು. ಹಿಂದೆಯೇ ನಾನೂ ಹೋದೆ. ಅಂದು ಕೋರ್ಟಿನಲ್ಲಿ ಅತ್ತೆಯ ಮಾತಿಲ್ಲದೆಯೇ ಆದೇಶ ಬಂತು. ಕೇಸು ಮುಗಿಯುವ ತನಕ ಆ ಮನೆಯಲ್ಲಿ ನಾನೂ ಮಗಳೂ ಇರಬಹುದು. ತಿಂಗಳಿಗೆ ಇಷ್ಟು ಎಂದು ಗಂಡ ಕೊಡಬೇಕು. ನನ್ನ ಸಂಬಳ ಲೆಕ್ಕಕ್ಕೆ ಹಿಡಿದು ನನ್ನ ಪಾಲು ಕಡಿಮೆ ಮಾಡಿ, ಸ್ನೇಹಾಳ ಖರ್ಚನ್ನು ಮಾತ್ರ ಪೂರ್ತಿ ಕೊಟ್ಟಿದ್ದರು. ದೇಸಾಯಿ ಮೇಡಂ ನನ್ನ ಭುಜ ತಟ್ಟಿದರು. ಗೆದ್ದೆ ಅನ್ನುವ ಮುಖದಲ್ಲಿಯೇ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಮನೆಗೆ ಬಂದೆ.

ಬಂದಾಗ ಮಹಾಂತೇಶರ ಕಾರು ಅಲ್ಲಿತ್ತು. ಪಡಸಾಲೆಯಲ್ಲಿ ಅತ್ತೆಯ ಟ್ರಂಕು, ಹಾಸಿಗೆ ಸುತ್ತಿ ಇಟ್ಟಿತ್ತು.

"ಆಕಿ ಜೋಡಿ ಇರಾಕಿ ಇದ್ರ ಇರು," ಅವರು ತಾಯಿಗೆ ಹೇಳುತ್ತಿದ್ದರು. "ಆದ್ರ ಇನ್ನಮ್ಯಾಲೆ ನಿನಗ ಮಗಾ ಇಲ್ಲಂತ ತಿಳ್ಕೊ."

ಶಾಂತವ್ವ ಒಮ್ಮೆ ಮನೆಯ ತೊಲೆಗಳ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ. "ನಡಿಯಪಾ," ಅಂದು ಚಪ್ಪಲಿ ಹಾಕಿಕೊಂಡರು. ನಾನು ತಡೆಯಲಿಲ್ಲ. ಏನೆಂದು ತಡೆಯುವುದು? ಆ ಮಗ ಅವರನ್ನು ಬಿಟ್ಟರೆ ಅವರಿಗೆ ಇನ್ನೊಬ್ಬ ಮಗ ಇರಲಿಲ್ಲ. ಸಾಲೆಯಿಂದ ಬಂದ ಸ್ನೇಹಾ ಖಾಲಿ ಪಡಸಾಲೆ ನೋಡಿ, "ಅಜ್ಜಿನ್ನ ನೀನ ಹೊರಗ ಹಾಕಿದಿ," ಅಂದಳು. ಮೂರು ದಿನ ಮಾತು ಬಿಟ್ಟಳು. ಮುಂಜಾನೆ ಐದೂವರೆಗೆ ನಾನು ಒಲೆಯ ಮುಂದೆ ನಿಂತಿರುತ್ತಿದ್ದೆ. ಬೆನ್ನ ಹಿಂದೆ ಯಾರೂ ಹಾದು ಹೋಗುತ್ತಿರಲಿಲ್ಲ.

ಫೆಬ್ರುವರಿ ಮುಗಿಯುತ್ತಾ ಬಿಸಿಲು ಏರಿತು. ಮಾರ್ಚಿನ ಮೊದಲ ವಾರ ಒಂದು ದಿನ ಮಹಾಂತೇಶ ದವಾಖಾನೆಗೇ ಬಂದರು. ನಾನು ಚೀಟಿ ಬರೆಯುವ ಕಿಟಕಿಯ ಮುಂದೆ ರೋಗಿಗಳ ಸಾಲಿನಲ್ಲಿ ನಿಂತುಕೊಂಡೇ ಬಂದರು. ಅಂಗಿಯ ತೋಳಿಗೆ ಹತ್ತಿಯ ಎಳೆ ಅಂಟಿಕೊಂಡಿತ್ತು. ಗಡ್ಡ ಬೆಳೆದಿತ್ತು.

"ಅವ್ವಗ ಆರಾಮಿಲ್ಲ. ಕಿಡ್ನಿ ಎರಡೂ ಹೋಗ್ಯಾವಂತ. ಇನ್ನ ಭಾಳ ದಿನಾ ಇಲ್ಲ ಅಂದಾರ," ಅಂದರು. ಹಿಂದಿನವರು ತಳ್ಳುತ್ತಿದ್ದರು. "ಮನಿಗೆ ಒಯ್ಯಿ, ಮನಿಗೆ ಒಯ್ಯಿ ಅಂತಾಳ. ಆ ಫ್ಲ್ಯಾಟ್ ಆಕಿಗೆ ಮನಿ ಅನಸೂದಿಲ್ಲ."

"ಕರಕೊಂಡ ಬರ್ರಿ," ಅಂದೆ.

"ನಾನೂ ಇರಬೇಕಾಕ್ಕೈತಿ. ಆಕಿನ್ನ ಎತ್ತಿ ಕೂಡಸಾಕ ಒಬ್ಬರ ಕಡಿಂದ ಆಗೂದಿಲ್ಲ."

ದೇಸಾಯಿ ಮೇಡಂಗೆ ಫೋನ್ ಮಾಡಿದೆ. "ಸುನಂದಾ, ಅವ್ರು ಒಮ್ಮೆ ಒಳಗ ಬಂದ್ರ ಹೊರಗ ಕಳಸೂದು ಸಸಾರ ಅಲ್ಲ. ಕೂಡಿ ಇದ್ದಾರ, ಇಕಿಗೆ ಯಾವ ತೊಂದ್ರಿನೂ ಇಲ್ಲ ಅಂತ ನಾಳೆ ಅವ್ರ ವಕೀಲ ಹೇಳ್ತಾನ. ಕೈಯಾಗ ಬಂದ ಆದೇಶ ಹೋದೀತು. ವಕೀಲಳಾಗಿ ಬ್ಯಾಡ ಅಂತೀನಿ," ಅಂದರು. ಆಮೇಲೆ, "ಮನಷ್ಯಾಳಾಗಿ ಏನೂ ಹೇಳೂದಿಲ್ಲ," ಅಂದರು.

ಮರುದಿನ ಅತ್ತೆ ಬಂದರು. ಪಡಸಾಲೆಯಲ್ಲಿ ಬೇಡ ಎಂದು ಅಡುಗೆಮನೆಯ ಪಕ್ಕದ ನನ್ನ ಖೋಲಿಯಲ್ಲೇ ಮಂಚ ಹಾಕಿದೆ. ದೇವರಮನೆ ಅಲ್ಲಿಂದ ಕಾಣುತ್ತಿತ್ತು. ಹದಿನೆಂಟು ದಿನ ಇದ್ದರು. ನಾನು ಅವರ ಮೈ ಒರೆಸುತ್ತಿದ್ದೆ, ಮಹಾಂತೇಶ ಎತ್ತಿ ಕೂಡಿಸುತ್ತಿದ್ದರು, ಸ್ನೇಹಾ ಮಂಚದ ಬದಿಯಲ್ಲೇ ಪುಸ್ತಕ ಹಿಡಿದು ಓದುತ್ತಿದ್ದಳು. ಲಿಂಗವನ್ನು ಅಂಗೈಯಲ್ಲಿ ಹಿಡಿಯಲು ಅವರಿಗೆ ಬಲವಿರಲಿಲ್ಲ. ನಾನು ಅವರ ಕೈಯ ಕೆಳಗೆ ನನ್ನ ಕೈ ಇಟ್ಟು ಹಿಡಿಯುತ್ತಿದ್ದೆ. ಮನೆಯಲ್ಲಿ ಮತ್ತೆ ಒಂದೇ ಒಲೆ ಉರಿಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಮಹಾಂತೇಶ, "ಉಪ್ಪ ಕಡಿಮಿ ಆಗೈತಿ," ಅಂದರು. ಅಂದವರೇ ತಡೆದುಕೊಂಡು ತಲೆ ತಗ್ಗಿಸಿದರು. ನಾನು ಉಪ್ಪಿನ ಡಬ್ಬಿ ತಂದು ಮುಂದಿಟ್ಟು, ಅಲ್ಲಿಯೇ ಕೂತೆ.

"ಆ ಕಾಗದದಾಗ ಹಾಂಗ ಬರಿಸಿದ್ದು ನೀವ ಏನ್ರಿ?"

"ಹಾಂಗ ಬರೀದಿದ್ರ ಕೇಸ್ ನಿಲ್ಲೂದಿಲ್ಲ ಅಂದ್ರು."

"ಅತ್ತಿಯಾರಿಗೆ ನಾ ಓದಿ ಹೇಳೇನ್ರಿ."

ತುತ್ತು ಕೈಯಲ್ಲೇ ಉಳಿಯಿತು. "ಏನಂದ್ಲು?" ಎಂದು ಕೇಳಿದರು. ಏನೂ ಅನ್ನಲಿಲ್ಲ ಎಂದೆ. ನಿಜವಾಗಿಯೂ ಮಗನ ವಿರುದ್ಧ ಅವರು ಏನೂ ಅಂದಿರಲಿಲ್ಲ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಹದಿನೆಂಟು ದಿನಗಳಲ್ಲಿ ನನಗೆ ಆಸೆ ಹುಟ್ಟಿತು. ಅವರ ಅಂಗಿಗಳಿಗೆ ಮತ್ತೆ ಇಸ್ತ್ರಿ ಹಾಕಿದೆ. ಅವರು ತಾಯಿಯ ಕಾಲು ಒತ್ತುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಾ, ಇನ್ನು ಹೋಗಲಾರರು ಅಂದುಕೊಂಡೆ. ಆಗ ಮಾರ್ಚಿನ ಬಿಸಿಲಿನಲ್ಲಿ ಓಣಿಯ ಬೇವಿನ ಮರ ಚಿಗುರಿತ್ತು.

ಸ್ನೇಹಾಳ ಗಣಿತದ ಪರೀಕ್ಷೆ ಮುಗಿದ ಮರುದಿನ ಮುಂಜಾನೆ ಶಾಂತವ್ವ ಹೋದರು. ಅವರ ಕೈ ನನ್ನ ಕೈಯ ಮೇಲೆಯೇ ಇತ್ತು. ಹೋಗುವುದಕ್ಕೆ ಸ್ವಲ್ಪ ಮೊದಲು, "ಉಂಡಿಯೇನವಾ?" ಎಂದು ಕೇಳಿದ್ದರು. ನನ್ನನ್ನು ಕೇಳಿದರೋ, ಸ್ನೇಹಾಳನ್ನೋ, ಗರಗದಲ್ಲಿ ಎಂದೋ ಹಸಿದಿದ್ದ ಇನ್ನಾರನ್ನೋ ತಿಳಿಯಲಿಲ್ಲ. "ಉಂಡೇನ್ರಿ," ಅಂದೆ.

ಅವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂವು ಏರಿಸುವ ಹೊತ್ತಿಗೆ ಸಂಬಂಧಿಕರು ತುಂಬಿದ್ದರು. ನಾನು ವಿಭೂತಿ ಹಿಡಿದು ಮುಂದೆ ಬಂದಾಗ ಯಾರೋ, "ಇಕಿ ಯಾಕ? ಕೋರ್ಟಿನ್ಯಾಗ ಕೇಸ್ ನಡದೈತಲ್ಲ?" ಅಂದರು. ಮಹಾಂತೇಶ ತಿರುಗಿ ನೋಡಿ, "ಸೊಸಿ ಅಕಿ," ಅಂದರು. ಗದ್ದಲ ನಿಂತಿತು. ಆ ಎರಡು ಮಾತಿನ ಮೇಲೆ ನಾನು ಎಷ್ಟು ದೊಡ್ಡ ಮನೆ ಕಟ್ಟಿಕೊಂಡೆನೋ ನನಗೇ ಗೊತ್ತು.

ಆರನೆಯ ದಿನ ಅವರು ಸೂಟ್‌ಕೇಸು ಹಿಡಿದು ಪಡಸಾಲೆಗೆ ಬಂದರು. "ಬರ್ತೇನಿ," ಅಂದರು. ಹೋಗುವವರು ನಮ್ಮಲ್ಲಿ ಹಾಗೆಯೇ ಅನ್ನುವುದು. ನಾನು ಅವರ ಮುಖ ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ, ದ್ವೇಷವಿರಲಿಲ್ಲ. ಶ್ರಾವಣದಲ್ಲಿ ಕುರ್ಚಿಯ ಮೇಲೆ ಕೂತಾಗ ಇದ್ದ ಅದೇ ದಣಿವಿತ್ತು. ತಾಯಿಯ ಮೇಲಿದ್ದ ಮಮತೆಯನ್ನು ನಾನು ನನ್ನ ಮೇಲಿನದು ಎಂದು ತಿಳಿದಿದ್ದೆ, ಅಷ್ಟೆ. "ಹೂಂನ್ರಿ," ಅಂದೆ.

ತಾಯಿಯ ನಂತರ ಮನೆ ಅವರಿಗೆ ಬಂತು. ಕೇಸು ಮುಗಿಯುವ ತನಕ ನಮ್ಮನ್ನು ಯಾರೂ ಎಬ್ಬಿಸುವಂತಿರಲಿಲ್ಲ. ಅವರೂ ಎಬ್ಬಿಸಲು ಬರಲಿಲ್ಲ. ದೇಸಾಯಿ ಮೇಡಂ ಹೆದರಿದ ಹಾಗೆ ಆ ಹದಿನೆಂಟು ದಿನಗಳನ್ನು ಕೋರ್ಟಿನಲ್ಲಿ ಎತ್ತಲೂ ಇಲ್ಲ. ಫಲಿತಾಂಶ ಬಂದು ಸ್ನೇಹಾ ಪಾಸಾದ ಮೇಲೆ ನಾನೇ ಮೇಡಂ ಹತ್ತಿರ ಹೋಗಿ, ಇಬ್ಬರೂ ಒಪ್ಪಿ ಮುಗಿಸೋಣ ಎಂದು ಹೇಳಿದೆ. ಮಗಳ ಓದಿಗೆ ಅವರು ಕೊಡಬೇಕು, ನನಗೆ ಒಮ್ಮೆಗೇ ಕೊಡುವುದನ್ನು ಕೊಟ್ಟು ಕೈತೊಳೆದುಕೊಳ್ಳಲಿ. ಧಾರವಾಡದಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದೆವು. ಆ ಮನೆಯಲ್ಲಿ ಇರುವ ಹಕ್ಕಿಗಾಗಿ ಅಷ್ಟು ಜಗಳಾಡಿದವಳು ಅರ್ಧ ದಿನದಲ್ಲಿ ಸಾಮಾನು ಕಟ್ಟಿದೆ. ಅವರನ್ನು ಕಾಯುತ್ತಾ ಅಲ್ಲಿರುವುದು ನನ್ನಿಂದ ಆಗುತ್ತಿರಲಿಲ್ಲ.

ಕೊನೆಯ ವಾಯಿದೆ ಮರುವರ್ಷದ ಮಳೆಗಾಲದ ಮೊದಲಲ್ಲಿ. ನ್ಯಾಯಾಧೀಶರು, ಯಾರದಾದರೂ ಒತ್ತಾಯವಿದೆಯೇ ಎಂದು ಕೇಳಿದರು. ಇಬ್ಬರೂ ಇಲ್ಲವೆಂದೆವು. ಐದು ನಿಮಿಷವೂ ಆಗಲಿಲ್ಲ. ಹೊರಗೆ ಮಹಾಂತೇಶ, "ಸ್ನೇಹಾಗ ಫೋನ್ ಮಾಡ ಅಂತ ಹೇಳು," ಅಂದು ಕಾರಿನ ಕಡೆ ಹೋದರು.

ನಾನು ಬಸ್ಸಿನ ನಿಲ್ದಾಣಕ್ಕೆ ಬಂದು ನಿಂತಾಗ ಫೋನ್ ರಿಂಗಾಯಿತು.

"ಮಮ್ಮಿ, ಮುಗೀತೇನು?"

"ಮುಗೀತವಾ."

"ಅಳಾಕತ್ತಿಯೇನು?"

"ಇಲ್ಲ. ಯಾಕ ಅಳ್ಲಿ?"

"ನಾ ಅಳಾಕತ್ತೇನಿ," ಅಂದಳು.

ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಅವಳು ಅತ್ತು ಮುಗಿಸುವವರೆಗೆ ನಿಂತೆ. ಧಾರವಾಡದ ಎರಡು ಬಸ್ಸು ಬಂದು ಹೋದವು.